ತುಂಬಿಕೊಂಡು ಬಂದ ಫಾರಂ

ಅರ್ಜಿ ರಾಯರ ಅಂಗಡಿಗೆ ನೀವು ಯಾವತ್ತಾದರೂ ಹೋಗಿದ್ದರೆ ನಿಮ್ಮ ಹೆಸರನ್ನು ಎರಡು ಸಲ ಹೇಳಿಯೇ ಹೇಳಿರುತ್ತೀರಿ. ಒಂದೇ ಸಲ ಹೇಳಿ ಎದ್ದು ಬಂದವರು ಈ ಭೂಮಿಯ ಮೇಲಿಲ್ಲ. ದೊಡ್ಡಾಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಜೆರಾಕ್ಸ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡ, ಒಂದು ಬಾಗಿಲಿನಷ್ಟೇ ಅಗಲದ ಕೋಣೆ ಅವರದು. ಒಳಗೆ ಒಂದು ಮೇಜು, ಎರಡು ಕುರ್ಚಿ, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ಮೊಳೆಗೆ ತೂಗುಹಾಕಿದ ಒಂದು ಭೂತಗನ್ನಡಿ. ಮೂವತ್ತೈದು ವರ್ಷದಿಂದ ಜನರ ಅರ್ಜಿ ಬರೆದುಕೊಡುವುದೇ ಅವರ ಕಸುಬು. ಮೊದಲು ಶಾಯಿ ಪೆನ್ನಿನಲ್ಲಿ ಬರೆದರು, ಆಮೇಲೆ ಟೈಪ್ ಮೆಷಿನ್ನಿನಲ್ಲಿ ಕುಟ್ಟಿದರು, ಈಗ ಕಂಪ್ಯೂಟರಿನಲ್ಲಿ ತುಂಬುತ್ತಾರೆ. ಅಕ್ಷರ ಮುತ್ತು ಪೋಣಿಸಿದ ಹಾಗಿದ್ದದ್ದಕ್ಕೆ ಜನ ಮರ್ಯಾದೆಗೆ 'ರಾಯರು' ಅಂತ ಸೇರಿಸಿದರು. ಅದು ಎದುರಿಗೆ. ಬೆನ್ನ ಹಿಂದೆ ಅವರ ಹೆಸರು ಅನುಮಾನ ರಾಯರು.

ಹೆಸರಿಟ್ಟವರ ತಪ್ಪೇನೂ ಇಲ್ಲ ಬಿಡಿ. ಕನ್ನಡಕದ ಅಂಗಡಿಯವನು ತನ್ನ ಗಾಜಿನ ಬಾಗಿಲನ್ನು ಬೇಕೆಂದೇ ಓರೆಯಾಗಿ ತೆರೆದಿಡುತ್ತಾನೆ, ಅದರಲ್ಲಿ ತನ್ನ ಕಂಪ್ಯೂಟರಿನ ಪರದೆ ಅವನಿಗೆ ಕಾಣುತ್ತದೆ ಎಂದು ರಾಯರಿಗೆ ಅನುಮಾನ. ಪ್ರಿಂಟರು ಯಾರೂ ಮುಟ್ಟದಿದ್ದರೂ ಆಗಾಗ ಗೊರ್ ಎನ್ನುವುದು ಯಾರಿಗೋ ಸುದ್ದಿ ಮುಟ್ಟಿಸಲಿಕ್ಕೆ ಎಂದು ಅನುಮಾನ. ಊಟಕ್ಕೆ ಹೋಗುವಾಗ ಅದಕ್ಕೊಂದು ಟವೆಲ್ ಹೊದಿಸಿ ಹೋಗುತ್ತಾರೆ. ಯಾರಾದರೂ ತುಸು ಹೆಚ್ಚೇ ನಗುನಗುತ್ತಾ ಮಾತಾಡಿಸಿದರೋ, ಅವರು ಎದ್ದು ಹೋದ ಮೇಲೆ ಮೇಜಿನ ಮೇಲಿನ ಪೆನ್ನುಗಳನ್ನು ಎಣಿಸುತ್ತಾರೆ.

ಇನ್ನು ಕೆಲಸದಲ್ಲಂತೂ ಕೇಳಲೇಬೇಡಿ.

"ಹುಟ್ಟಿದ ತಾರೀಖು ಹೇಳಿ."

ಗಿರಾಕಿ ಹೇಳುತ್ತಾನೆ. ರಾಯರು ಅದನ್ನು ಉದ್ದ ನೋಟ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾರೆ. ಕನ್ನಡಕದ ಮೇಲಿಂದ ಅವನನ್ನು ಒಂದು ಗಳಿಗೆ ನೋಡುತ್ತಾರೆ.

"ಇನ್ನೊಂದ್ಸಲ ಹೇಳಿ."

"ಈಗ್ತಾನೇ ಹೇಳಿದ್ನಲ್ಲ ರಾಯರೇ?"

"ಹೇಳಿದ್ರಿ. ನಿಜಾನೇ ಆಗಿದ್ರೆ ಎರಡ್ನೇ ಸಲಾನೂ ಅದೇ ಬರುತ್ತೆ. ಹೇಳಿ."

ಎರಡು ಸಲ ಹೇಳಿ, ಎರಡೂ ತಾಳೆಯಾಗಿ, ಪಕ್ಕದಲ್ಲಿ ಗುರುತು ಬಿದ್ದ ಮೇಲೆಯೇ ಅದು ಕಂಪ್ಯೂಟರಿಗೆ ಹೋಗುವುದು. ಜನ ಗೊಣಗುತ್ತಿದ್ದರು, ತಲೆ ತಿಂತಾನೆ ಮಾರಾಯ ಎನ್ನುತ್ತಿದ್ದರು, ಆದರೂ ಮತ್ತೆ ಅಲ್ಲಿಗೇ ಬರುತ್ತಿದ್ದರು. ರಾಯರು ಬರೆದ ಅರ್ಜಿ ತಪ್ಪು ಅಂತ ವಾಪಸು ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಕಂಪ್ಯೂಟರನ್ನೂ ಅವರು ಇದೇ ಕಟಕಟೆಯಲ್ಲಿ ನಿಲ್ಲಿಸಿದ್ದರು. ಹಿಂದೊಮ್ಮೆ ಒಬ್ಬ ಡ್ರೈವರನ ಅರ್ಜಿ ಕಳಿಸಿದಾಗ ಪರದೆ 'ಧನ್ಯವಾದ, ನಿಮ್ಮ ಅರ್ಜಿ ತಲುಪಿದೆ' ಎಂದಿತ್ತು. ತಲುಪಿರಲಿಲ್ಲ. ಆ ಬಡಪಾಯಿಯ ಒಂದು ವರ್ಷ ಹಾಳಾಯಿತು. ಅವತ್ತಿನಿಂದ ರಾಯರು ಆ ಧನ್ಯವಾದವನ್ನು ಎಳ್ಳಷ್ಟೂ ನಂಬಲಿಲ್ಲ. ಅದು ಬಂದ ಕೂಡಲೇ ಹಿಂದಕ್ಕೆ ಹೋಗುವ ಬಾಣದ ಗುರುತನ್ನು ಒತ್ತಿ, ಫಾರಮ್ಮನ್ನು ವಾಪಸು ಕರೆಸಿ, ತಾವು ತುಂಬಿದ್ದು ತುಂಬಿದ ಹಾಗೇ ಇದೆಯೇ ಎಂದು ನೋಟ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸಾಲುಸಾಲು ನೋಡಿ, ಆಮೇಲೇ "ಹ್ಞಾ, ಹೋಗಿದೆ, ಹೋಗ್ಬನ್ನಿ" ಎನ್ನುತ್ತಿದ್ದರು. ಬೆಳಿಗ್ಗೆ ತೆರೆದ ಪುಟವನ್ನು ಸಂಜೆಯವರೆಗೂ ಮುಚ್ಚುತ್ತಿರಲಿಲ್ಲ. ಮುಚ್ಚಿದರೆ ಒಳಗೊಳಗೇ ಏನು ಮಾಡಿಕೊಳ್ಳುತ್ತದೋ ಯಾರು ಕಂಡವರು? ದಿನಕ್ಕೆ ಮೂವತ್ತು ನಲವತ್ತು ಜನರ ಅರ್ಜಿ ಆ ಒಂದೇ ಪುಟದಲ್ಲಿ ಮುಂದಕ್ಕೂ ಹಿಂದಕ್ಕೂ ಓಡಾಡುತ್ತಿತ್ತು. ಇಷ್ಟು ಹುಷಾರಿನ ಮನುಷ್ಯನಿಗೆ ಏಟು ಎಲ್ಲಿಂದ ಬೀಳಬೇಕು ಹೇಳಿ? ಬಿದ್ದದ್ದು ಅಲ್ಲಿಂದಲೇ.

ರಾಯರ ಅನುಮಾನಕ್ಕೆ ಮನೆಯಲ್ಲೂ ಒಬ್ಬರು ಸಿಕ್ಕಿದ್ದರು: ಸೊಸೆ. ಅವಳು ಕೆಲಸ ಮಾಡುತ್ತಿದ್ದದ್ದು ಅದೇ ದೊಡ್ಡಾಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ರಾಯರಿಗೆ ಇದರಲ್ಲಿ ಕೆಟ್ಟದ್ದೇನೂ ಕಂಡಿರಲಿಲ್ಲ. ಯಾವಾಗ ಆಸ್ಪತ್ರೆಯವರು 'ಇನ್ನು ಮುಂದೆ ರೋಗಿಗಳು ಮನೆಯಿಂದಲೇ ಫಾರಂ ತುಂಬಬಹುದು' ಎಂದು ಬೋರ್ಡು ಹಾಕಿದರೋ, ಆ ಫಾರಂ ಮಾಡುವ ಕೆಲಸ ಸೊಸೆಯ ಪಾಲಿಗೆ ಬಂತೋ, ಅವತ್ತಿನಿಂದ ಊಟಕ್ಕೆ ಕೂತರೂ ಅವರ ಒಂದು ಕಣ್ಣು ಅವಳ ಮೇಲೆ.

ಅವಳೋ, ಮುಚ್ಚುಮರೆ ಗೊತ್ತಿಲ್ಲದ ಹುಡುಗಿ. ಒಂದು ಭಾನುವಾರ ಒಣಗಿದ ಬಟ್ಟೆ ಮಡಚುತ್ತಾ ಕೇಳಿದಳು:

"ಮಾವ, ಆ ಹೊಸ ಫಾರಂ ಮುಗೀತಾ ಬಂತು. ನೀವು ಒಂದು ಗಂಟೆ ಕೂತು ತುಂಬಿ ನೋಡ್ತೀರಾ? ನಾನು ಪಕ್ಕದಲ್ಲಿ ಕೂತು ನೋಡ್ಬೇಕು, ನೀವು ಹೇಗೆ ತುಂಬ್ತೀರಿ ಅಂತ."

"ನೋಡಿ ಏನ್ಮಾಡ್ತೀಯಾ?"

"ಕಲ್ತ್ಕೋತೀನಿ. ನಿಮ್ಮಷ್ಟು ಫಾರಂ ತುಂಬಿದೋರು ಇನ್ಯಾರಿದಾರೆ?"

ಆ ಹೊಗಳಿಕೆಯೇ ಕೆಲಸ ಕೆಡಿಸಿತು. ಹೊಗಳಿದವರನ್ನು ರಾಯರು ಬೈದವರಿಗಿಂತ ಹೆಚ್ಚು ಅನುಮಾನಿಸುತ್ತಿದ್ದರು. ಓಹೋ, ಮೂವತ್ತೈದು ವರ್ಷದ ಕಸುಬನ್ನು ಒಂದು ಗಂಟೆಯಲ್ಲಿ ಹೀರಿಕೊಂಡು ಹೋಗುವ ಉಪಾಯ! ನನ್ನ ಕೈಯಿಂದಲೇ ನನ್ನ ಅನ್ನಕ್ಕೆ ಕಲ್ಲು ಹಾಕಿಸುವುದು ಅಂದರೆ ಇದೇ.

"ನನಗೆ ಪುರುಸೊತ್ತಿಲ್ಲಮ್ಮ," ಎಂದು ಎದ್ದು ಹೋದರು. ಅವಳು ಉಳಿದ ಬಟ್ಟೆ ಮಡಚಿದಳು.

ಈಗ ಅಕ್ಕನ ವಿಷಯಕ್ಕೆ ಬರಬೇಕು, ಏಕೆಂದರೆ ರಾಯರ ಅನುಮಾನದ ಬೇರು ಇರುವುದು ಅಲ್ಲಿ. ತಾಯಿ ತೀರಿಕೊಂಡಾಗ ರಾಯರಿಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ತಲೆ ಬಾಚಿದವಳು, ಅನ್ನ ಹಾಕಿದವಳು, ಸ್ಲೇಟು ಹಿಡಿಸಿದವಳು ಎಲ್ಲ ಅವಳೇ. ಮರುವರ್ಷ ಅವಳಿಗೆ ಜ್ವರ ಬಂದು ತಮ್ಮನ ಕೈ ಹಿಡಿದುಕೊಂಡು ದವಾಖಾನೆಗೆ ಹೋದಳು. ಕಾಂಪೌಂಡರು ಸೂಜಿಗೆ ಮದ್ದು ಎಳೆದುಕೊಳ್ಳುತ್ತಿದ್ದ. ಅಕ್ಕ ಮೆಲ್ಲಗೆ, "ಹೋದ ಸಲ ಈ ಸೂಜಿ ನನಗೆ ಒಗ್ಗಲಿಲ್ಲ" ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ದೊಡ್ಡವರ ಹತ್ತಿರ ಒಂದೇ ಮಾತನ್ನು ಎರಡು ಸಲ ಹೇಳಬಾರದು ಎಂದು ಅವಳು ಸುಮ್ಮನಾದಳು. ಹತ್ತು ನಿಮಿಷಕ್ಕೆ ಅವಳ ಮುಖ ಊದಿ ಕಣ್ಣು ಮುಚ್ಚಿಹೋದವು, ಉಸಿರು ಸಿಕ್ಕಿಕೊಂಡಿತು. ಡಾಕ್ಟರು ಓಡಿ ಬಂದರು. ಮೂರು ದಿನ ಅವಳು ಉಳಿಯುವುದೇ ಅನುಮಾನವಿತ್ತು. ಬದುಕಿದ ಮೇಲೆ ಡಾಕ್ಟರು, "ಪೆನಿಸಿಲಿನ್ ಅಂತ ಇದರ ಹೆಸರು. ಇವಳಿಗೆ ಇದನ್ನ ಜನ್ಮದಲ್ಲಿ ಕೊಡಬಾರದು" ಎಂದರು. ಏಳು ವರ್ಷದ ತಮ್ಮ ಆ ಹೆಸರನ್ನು ಸ್ಲೇಟಿನ ಮೇಲೆ ಬರೆದುಕೊಂಡು ಬಂದ. ಇನ್ನೊಂದು ಸಲ ಕೇಳಿದ್ದರೆ, ಇನ್ನೊಂದು ಸಲ ಹೇಳಿದ್ದರೆ ಎಂಬುದು ಅವನ ತಲೆಯಲ್ಲಿ ಹೊಕ್ಕಿದ್ದು ಅವತ್ತು. ಆಮೇಲೆ ಹೊರಗೆ ಹೋಗಲೇ ಇಲ್ಲ.

ಅಕ್ಕ ಬಟ್ಟೆ ಗಿರಣಿ ಸೇರಿ ಮೂವತ್ತು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತಳು. ತಮ್ಮನ ಓದು, ತಮ್ಮನ ಮದುವೆ ಎನ್ನುತ್ತಾ ತನ್ನ ಮದುವೆಯನ್ನು ಮರೆತಳು. ರಾಯರ ಹೆಂಡತಿ ಹೋದ ಮೇಲೆ ಮಗನನ್ನು ಬೆಳೆಸಿದವಳೂ ಅವಳೇ. ಗಿರಣಿ ಅವಳ ಕಿವಿಯನ್ನು ತಿಂದುಹಾಕಿತ್ತು. ಆದರೆ ಆ ಗದ್ದಲದಲ್ಲಿ ಕೆಲಸ ಮಾಡಿದ ಹೆಂಗಸರೆಲ್ಲ ತುಟಿ ನೋಡಿ ಮಾತು ಓದುತ್ತಾರೆ, ಅಕ್ಕ ಅದರಲ್ಲಿ ಎತ್ತಿದ ಕೈ. ಎದುರು ನಿಂತು ಮಾತಾಡಿದರೆ ಅರ್ಧ ಮಾತಿಗೇ ಉತ್ತರ ಬರುತ್ತಿತ್ತು. ಮುಖ ತಿರುಗಿಸಿ ಮಾತಾಡಿದರೆ ಮಾತ್ರ ಏನು ಕೇಳಿದರೂ "ಏನಿಲ್ಲಪ್ಪ, ಎಲ್ಲಾ ಸರಿ ಇದೆ" ಎಂದುಬಿಡುತ್ತಿದ್ದಳು. ಕೇಳಿಸಲಿಲ್ಲ ಎಂದು ಹೇಳಲು ನಾಚಿಕೆ.

ಅರವತ್ತಾರರ ಈ ಅಕ್ಕನಿಗೆ ಪಿತ್ತಕೋಶದಲ್ಲಿ ಕಲ್ಲು. ದೊಡ್ಡಾಸ್ಪತ್ರೆಯಲ್ಲಿ ಎರಡು ಸಲ ತಪಾಸಣೆಯಾಗಿ ಬುಧವಾರ ಬೆಳಿಗ್ಗೆ ಹತ್ತಕ್ಕೆ ಆಪರೇಷನ್ ಎಂದು ಗೊತ್ತಾಯಿತು. ಸೋಮವಾರ ಫಾರಂ ಕಳಿಸಬೇಕು. ಸೊಸೆಯ ಹೊಸ ಫಾರಂ ಜನರಿಗೆ ತೆರೆದದ್ದೂ ಅದೇ ಸೋಮವಾರ. "ನಾನೇ ತುಂಬ್ತೀನಿ ಬಿಡಿ ಮಾವ" ಎಂದಳು ಅವಳು. "ನಮ್ಮಕ್ಕನ ಅರ್ಜಿ ನಾನು ತುಂಬ್ತೀನಿ" ಎಂದರು ರಾಯರು. ಹಿಂದಿನ ದಿನವೇ ನೋಟ್ ಪುಸ್ತಕದಲ್ಲಿ ಎಲ್ಲ ಬರೆದಿಟ್ಟಿದ್ದರು. ಒಗ್ಗದ ಮದ್ದು: ಪೆನಿಸಿಲಿನ್. ಅದರ ಕೆಳಗೆ ಎರಡು ಗೆರೆ.

ಸೋಮವಾರದ ಮೊದಲ ಗಿರಾಕಿ ಒಬ್ಬ ದರ್ಜಿ, ಹರ್ನಿಯಾ ಆಪರೇಷನ್ನಿಗೆ ಬಂದವನು. ಆಸ್ಪತ್ರೆಗೆ ಹೊಸಬ, ಹಾಗಾಗಿ ಫಾರಂ ಪೂರ್ತಿ ಖಾಲಿ ಬಂತು. ರಾಯರು ಎಂದಿನಂತೆ ಎರಡೆರಡು ಸಲ ಕೇಳಿ ತುಂಬಿದರು.

"ಯಾವ್ದಾದ್ರೂ ಮದ್ದು ಒಗ್ಗಲ್ವಾ?"

"ನನಗಾ? ಸೂಜಿ ನುಂಗಿದ್ರೂ ಜೀರ್ಣ ಆಗುತ್ತೆ ರಾಯರೇ."

"ತಮಾಷೆ ಬೇಡ. ಇನ್ನೊಂದ್ಸಲ ಹೇಳಿ."

"ಇಲ್ಲ."

'ಇಲ್ಲ' ಎಂದು ತುಂಬಿದರು, ಕಳಿಸಿದರು. 'ಧನ್ಯವಾದ' ಬಂತು. ಹಿಂದಕ್ಕೆ ಹೋಗಿ ನೋಡಿದರು. ಎಲ್ಲ ಸರಿ ಇತ್ತು. ದರ್ಜಿ ಹೋದ.

ಆಮೇಲೆ ಅಕ್ಕನದು. ಮೊದಲ ಪುಟ ಕೇಳಿದ್ದು ಎರಡೇ: ಆಸ್ಪತ್ರೆಯ ಚೀಟಿಯ ನಂಬರು, ಫೋನ್ ನಂಬರು. ರಾಯರು ಎರಡನ್ನೂ ಹಾಕಿ ಒತ್ತಿದರು. ಪರದೆ ಒಂದು ಗಳಿಗೆ ಬೆಳ್ಳಗಾಯಿತು, ಪುಟ ತಾನಾಗಿಯೇ ಇನ್ನೊಂದು ಪುಟಕ್ಕೆ ಹಾರಿತು, ಫಾರಂ ಬಂತು. ತುಂಬಿಕೊಂಡೇ ಬಂತು! ಅಕ್ಕನ ಹೆಸರು, ವಯಸ್ಸು, ಮನೆ ನಂಬರು, ಬೀದಿ, ಕೊನೆಗೆ ನಲವತ್ತು ವರ್ಷದ ಹಿಂದೆ ತೀರಿಕೊಂಡ ಅಪ್ಪನ ಹೆಸರು ಕೂಡ. ರಾಯರು ಒಂದಕ್ಷರವನ್ನೂ ಮುಟ್ಟಿರಲಿಲ್ಲ.

ಇದಕ್ಕೆ ಅಪ್ಪನ ಹೆಸರು ಹೇಳಿದವರು ಯಾರು? ಇನ್ಯಾರು, ಮನೆಯೊಳಗಿನವರೇ! ಕಣ್ಣಲ್ಲಿ ಕಣ್ಣಿಟ್ಟು ಪರದೆಯನ್ನು ಜಾಲಾಡಿದರು. ಅದರ ನೆತ್ತಿಯಲ್ಲಿ, ಪುಟದ ವಿಳಾಸ ಬರುವ ಉದ್ದ ಗೆರೆಯಲ್ಲಿ, ಸಮ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆಗಳ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಮತ್ತೆ ಅಕ್ಕನ ಹೆಸರು, ವಯಸ್ಸು, ಫೋನ್ ನಂಬರು. ಮನೆಯ ಹೆಂಗಸಿನ ವಿವರವೆಲ್ಲ ಅಂಗಡಿಯ ಬೋರ್ಡಿನ ಹಾಗೆ ಮೇಲೆ! ರಾಯರು ಎದ್ದು ಕನ್ನಡಕದ ಅಂಗಡಿಯ ಗಾಜಿನ ಬಾಗಿಲನ್ನು ತಾವೇ ದಡಾರನೆ ಮುಚ್ಚಿ ಬಂದರು. ಮೊಳೆಯಿಂದ ಭೂತಗನ್ನಡಿ ಇಳಿಸಿ, ಆ ಗೆರೆಯನ್ನು ಒಂದೊಂದೇ ಅಕ್ಷರವಾಗಿ ನೋಟ್ ಪುಸ್ತಕಕ್ಕೆ ಇಳಿಸಿಕೊಂಡರು. ಇಪ್ಪತ್ತು ನಿಮಿಷ ಹಿಡಿಯಿತು. ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ಸಾಕ್ಷಿ ಸಿಕ್ಕಿದೆ, ಇನ್ನು ಇವಳ ಬಣ್ಣ ಬಯಲು ಮಾಡದೆ ಬಿಡುವುದಿಲ್ಲ ಎಂದು ಹಲ್ಲು ಕಡಿಯುತ್ತಾ ಫಾರಮ್ಮಿನ ಮೇಲಿನ ಸಾಲುಗಳ ಮೇಲೆ ಕಣ್ಣಾಡಿಸಿದರು. ಎಲ್ಲ ಸರಿ ಇತ್ತು. ಸರಿ ಇದ್ದದ್ದಕ್ಕೇ ಇನ್ನಷ್ಟು ಉರಿಯಿತು. ಒತ್ತಿದರು, ಕಳಿಸಿದರು. ಪ್ರಿಂಟಾಗಿ ಬಂದ ಕಾಗದವನ್ನು ಓದದೆ ನಾಲ್ಕಾಗಿ ಮಡಚಿ ಜೇಬಿಗೆ ತುರುಕಿದರು. ಹಿಂದಕ್ಕೆ ಹೋಗಿ ನೋಡಲಿಲ್ಲ. ಎಷ್ಟೋ ವರ್ಷಗಳಲ್ಲಿ ಅದೇ ಮೊದಲು.

ಸಂಜೆ ಮನೆಯಲ್ಲಿ ಏನೂ ಹೇಳಲಿಲ್ಲ. ಕಳ್ಳರಿಗೆ ಸಮಯ ಕೊಟ್ಟರೆ ತಾವೇ ಬಾಯಿಬಿಡುತ್ತಾರೆ ಎಂಬುದು ಅವರ ಲೆಕ್ಕ. ಮಂಗಳವಾರ ಅಕ್ಕನನ್ನು ವಾರ್ಡಿಗೆ ಸೇರಿಸಿದ್ದಾಯಿತು, ಮಗ ಅವಳ ಜೊತೆ ಉಳಿದುಕೊಂಡ. ಸೊಸೆ ಬಾಯಿಬಿಡಲಿಲ್ಲ. ಎಂಥ ಗಟ್ಟಿಗಿತ್ತಿ ಇವಳು ಎಂದುಕೊಂಡರು ರಾಯರು. ಪಾಪ, ಅವಳಿಗೆ ಬಾಯಿಬಿಡಲು ಏನಾದರೂ ಗೊತ್ತಿದ್ದರೆ ತಾನೇ!

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಅವಳು ಚಹದ ಲೋಟ ತಂದಿಟ್ಟಳು. ಒಂಬತ್ತಕ್ಕೆ ಇಬ್ಬರೂ ಆಸ್ಪತ್ರೆಗೆ ಹೊರಡುವುದಿತ್ತು. ರಾಯರು ಲೋಟ ಮುಟ್ಟಲಿಲ್ಲ. ನೋಟ್ ಪುಸ್ತಕ ತೆರೆದು ಅವಳ ಮುಂದೆ ತಳ್ಳಿದರು.

"ಇದೇನಮ್ಮ ಇದು?"

ಅವಳು ನೋಡಿದಳು.

"ನಮ್ಮಕ್ಕನ ಹೆಸರು, ವಯಸ್ಸು, ನಂಬರು, ಪರದೆ ನೆತ್ತಿ ಮೇ­ಲೆ! ದಾರೀಲಿ ಹೋಗೋನೂ ಓದ್ಬೋದು. ನಾನು ಒಂದಕ್ಷರ ಒತ್ತಿಲ್ಲ. ಇದನ್ನ ಅಲ್ಲಿಗೆ ಕೊಟ್ಟೋರು ಯಾರು? ನೀನೇ ತಾನೆ?"

ಸೊಸೆ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ನಾಲಿಗೆ ಕಚ್ಚಿಕೊಂಡಳು.

"ಮಾವ, ನೀವು ಹೇಳ್ತಿರೋದು ಸರಿ. ಅದು ಅಲ್ಲಿ ಕಾಣ್ಬಾರ್ದಿತ್ತು. ಇವತ್ತೇ ತೆಗೀತೀನಿ."

ಜಗಳಕ್ಕೆ ಸೊಂಟ ಕಟ್ಟಿ ಬಂದವರಿಗೆ ಇದು ಬೇರೆಯೇ ಪೇಚು. ಇಷ್ಟು ಸಲೀಸಾಗಿ ಒಪ್ಪಿಕೊಂಡಳು ಅಂದರೆ ಇದಕ್ಕಿಂತ ದೊಡ್ಡದೇನೋ ಮುಚ್ಚಿಡುತ್ತಿದ್ದಾಳೆ.

"ಅದು ಹೇಗೆ ಬಂತು ಅಂತ ಹೇಳು. ಪೂರ್ತಿ ಹೇಳು."

"ಮೊದಲ್ನೇ ಪುಟದಲ್ಲಿ ನೀವು ನಂಬರ್ ಹಾಕ್ತೀರಲ್ಲ, ಅದು ಆಸ್ಪತ್ರೆ ರಿಜಿಸ್ಟರ್ ನೋಡಿ ರೋಗಿ ಹೆಸರು, ವಿಳಾಸ ಎಲ್ಲಾ ಒಂದು ಚೀಟೀಲಿ ಬರೆದು ಎರಡ್ನೇ ಪುಟಕ್ಕೆ ಕಳ್ಸುತ್ತೆ. ಆ ಪುಟ ಚೀಟಿ ನೋಡ್ಕೊಂಡು ಫಾರಂ ತುಂಬುತ್ತೆ. ನೀವು ನೆತ್ತಿ ಮೇಲೆ ನೋಡಿದ್ದು ಆ ಚೀಟೀನೇ. ನೋವಲ್ಲಿರೋರು ಬರೆದಿದ್ದನ್ನೇ ಮತ್ತೆ ಬರೀಬಾರ್ದು ಅಂತ."

"ಚೀಟೀಲಿ ಇಲ್ಲದ್ದು?"

"ಅದು ಖಾಲಿ ಬರುತ್ತೆ, ನೀವು ತುಂಬ್ತೀರಿ. ಮಧ್ಯ ಕರೆಂಟ್ ಹೋದ್ರೆ ತುಂಬಿದ್ದು ಅಳಿಸ್ಹೋಗ್ಬಾರ್ದು ಅಂತ ಬ್ರೌಸರ್ ತನ್ನ ಜೇಬಲ್ಲಿ ಒಂದು ನಕಲು ಇಟ್ಕೊಳ್ಳುತ್ತೆ. ಧನ್ಯವಾದ ಅಂದ ತಕ್ಷಣ ಜೇಬು ಖಾಲಿ."

"ಧನ್ಯವಾದ ಅಂದ್ಮೇಲೆ ಹಿಂದಕ್ಕೆ ಹೋದ್ರೆ?"

"ಧನ್ಯವಾದ ಅಂದ್ಮೇಲೆ ಯಾರು ಮಾವ ಹಿಂದಕ್ಕೆ ಹೋಗ್ತಾರೆ?" ಎಂದು ಅವಳು ನಕ್ಕಳು.

"ನಾನು ಹೋಗ್ತೀನಿ. ಪ್ರತೀ ಸಲ."

ನಗು ಅಲ್ಲಿಗೇ ನಿಂತಿತು. ಅವಳು ತನ್ನ ಲೋಟ ಕೆಳಗಿಟ್ಟಳು.

"ಹಿಂದಕ್ಕೆ ಹೋದ್ರೆ ಆ ಫಾರಂ ಮತ್ತೆ ತನ್ನ ನಕಲನ್ನ ಜೇಬಿಗೆ ಹಾಕ್ಕೊಳ್ಳುತ್ತೆ. ಮಾವ, ಆಮೇಲೆ ಅದೇ ಪುಟದಲ್ಲಿ ಇನ್ನೊಬ್ರದ್ದು ತೆಗೆದ್ರಾ?"

"ಮತ್ತೆ? ಒಬ್ಬೊಬ್ರಿಗೂ ಒಂದೊಂದು ಕಂಪ್ಯೂಟರ್ ತರ್ಲಾ?"

"ದೊಡ್ಡತ್ತೆಗಿಂತ ಮೊದ್ಲು ಯಾರದ್ದು ತುಂಬಿದ್ರಿ?"

"ದರ್ಜೀದು. ಯಾಕೆ?"

"ರಿಜಿಸ್ಟರಲ್ಲಿರೋದು ದೊಡ್ಡತ್ತೆದು ಬಂದಿರುತ್ತೆ. ರಿಜಿಸ್ಟರಲ್ಲಿ ಇಲ್ದೇ ಇರೋ ಜಾಗಕ್ಕೆ ಜೇಬಲ್ಲಿದ್ದ ದರ್ಜೀದು ಬಂದಿರುತ್ತೆ." ಅವಳ ಮುಖ ಬಿಳಿಚಿಕೊಂಡಿತು. "ಪ್ರತಿಯೊಬ್ರೂ ತಮ್ಮ ಫೋನಲ್ಲಿ ತಮ್ಮದೊಂದು ತುಂಬ್ಕೋತಾರೆ ಅಂದ್ಕೊಂಡೇ ಮಾಡ್ದೆ ಮಾವ. ಒಬ್ರೇ ಕೂತು ನಲವತ್ತು ಜನರದ್ದು ತುಂಬ್ತಾರೆ ಅಂತ ನನಗೆ ಹೊಳೀಲೇ ಇಲ್ಲ. ನಮ್ಮನೇಲೇ ನೀವಿದೀರಿ, ಆದ್ರೂ ಹೊಳೀಲಿಲ್ಲ."

ರಾಯರು ಜೇಬಿಗೆ ಕೈ ಹಾಕಿದರು. ಮೊನ್ನೆಯ ಅಂಗಿ ಮೊಳೆಯ ಮೇಲಿತ್ತು. ಎದ್ದು ಹೋಗಿ ಅದರಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ ಓದಿದರು. ಮೇಲಿನ ಆರು ಸಾಲು ಅಕ್ಕನವು. ಏಳನೆಯದು 'ಒಗ್ಗದ ಮದ್ದು'. ಅದರ ಎದುರು: ಇಲ್ಲ.

ಐವತ್ತೊಂದು ವರ್ಷದ ಹಿಂದೆ ಊದಿಕೊಂಡಿದ್ದ ಆ ಮುಖ ಕಣ್ಣೆದುರು ಬಂತು. ಏನಾಗಿತ್ತು, ಯಾವ ಸೂಜಿ ಎಂದು ನಾಲ್ಕು ಮಾತಿನಲ್ಲಿ ಸೊಸೆಗೆ ಹೇಳಿದರು. ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಮಗನಿಗೂ. ತನ್ನ ಕಾಯಿಲೆ ಕಸಾಲೆ ಹೇಳಿಕೊಳ್ಳುವ ಹೆಂಗಸೇ ಅಲ್ಲ ಅಕ್ಕ.

ಸೊಸೆ ಗಂಡನ ಫೋನಿಗೆ ಮಾಡಿದಳು, ಆಫ್ ಆಗಿತ್ತು. ವಾರ್ಡಿನ ಫೋನಿಗೆ ಮಾಡಿದಳು, ಯಾರೋ ಮಾತಾಡುತ್ತಲೇ ಇದ್ದರು. "ಆಪರೇಷನ್‌ಗೆ ಒಂದು ಗಂಟೆ ಮುಂಚೆ ಇಂಜೆಕ್ಷನ್ ಕೊಡ್ತಾರೆ ಮಾವ. ಕೂತ್ಕೊಳ್ಳಿ," ಎಂದು ಸ್ಕೂಟರ್ ತೆಗೆದಳು. ಮೂರು ವರ್ಷದಲ್ಲಿ ರಾಯರು ಒಂದು ದಿನವೂ ಅವಳ ಹಿಂದೆ ಕೂತವರಲ್ಲ. ಅವಳ ಬ್ರೇಕಿನ ಮೇಲೆ ಅವರಿಗೆ ಅನುಮಾನವಿತ್ತು. ಇವತ್ತು ದಾರಿಯುದ್ದಕ್ಕೂ ಅವರ ಬಾಯಲ್ಲಿ ಒಂದೇ ಮಾತು: "ಇನ್ನೂ ಜೋರಾಗಿ ಹೋಗಮ್ಮ, ಇನ್ನೂ ಜೋರಾಗಿ!" ಆದರೆ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ. ರಾಯರು ಡಬ್ಬಿಗಳನ್ನು ಎಣಿಸಿದರು, ಬೇರೇನು ಮಾಡಲೂ ತೋಚಲಿಲ್ಲ. ಅವರು ವಾರ್ಡಿನ ಬಾಗಿಲು ತಲುಪಿದಾಗ ಎಂಟೂ ಐವತ್ತು.

ಮೇಜಿನ ಹಿಂದೆ ಮಾಸ್ಕ್ ಹಾಕಿಕೊಂಡ ಸಿಸ್ಟರ್ ತಟ್ಟೆಯಲ್ಲಿ ಸೂಜಿಗಳನ್ನು ಜೋಡಿಸುತ್ತಿದ್ದರು.

"ಸಿಸ್ಟರ್, ಮೂರ್ನೇ ಬೆಡ್ಡಿಗೆ ಆ ಇಂಜೆಕ್ಷನ್ ಕೊಡ್ಬೇಡಿ! ಪೆನಿಸಿಲಿನ್ ಒಗ್ಗಲ್ಲ ಅವಳಿಗೆ."

"ಯಾರ್ರೀ ನೀವು?"

"ತಮ್ಮ. ಅವಳ ತಮ್ಮ."

ಸಿಸ್ಟರ್ ಕಂಪ್ಯೂಟರ್ ನೋಡಿದರು. "ಫಾರಮ್ಮಲ್ಲಿ ಇಲ್ಲ ಅಂತಿದೆಯಲ್ರೀ. ಬೆಳಿಗ್ಗೆ ನಾನೇ ಅಜ್ಜೀನೂ ಕೇಳ್ದೆ. ಏನಿಲ್ಲ, ಎಲ್ಲಾ ಸರಿ ಇದೆ ಅಂದ್ರು."

ರಾಯರು ಆ ಮಾಸ್ಕನ್ನು ನೋಡಿದರು. ಅಯ್ಯೋ ದೇವರೇ ಎಂದುಕೊಂಡರು. ನೋಟ್ ಪುಸ್ತಕ ತೆಗೆದು ಎರಡು ಗೆರೆ ಎಳೆದ ಸಾಲು ತೋರಿಸಿದರು.

"ಪೆನ್ಸಿಲಲ್ಲಿ ಬರ್ಕೊಂಡಿರೋದಾ? ಫಾರಂ ಒಂದು ಹೇಳುತ್ತೆ, ನಿಮ್ಮ ಪುಸ್ತಕ ಇನ್ನೊಂದು ಹೇಳುತ್ತೆ. ಯಾವ್ದನ್ನ ನಂಬ್ಲಿ ನಾನು?"

ಬೇರೆ ದಿನವಾಗಿದ್ದರೆ ರಾಯರು ಈ ಸಿಸ್ಟರನ್ನು ಬಹಳ ಮೆಚ್ಚಿಕೊಳ್ಳುತ್ತಿದ್ದರು. ಇವತ್ತು ನೋಟ್ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು.

"ನನ್ನನ್ನ ನಂಬಬೇಡಿ ತಾಯಿ. ಅವಳನ್ನೇ ಇನ್ನೊಂದ್ಸಲ ಕೇಳಿ. ಮಾಸ್ಕ್ ಕೆಳಗೆ ಮಾಡಿ ಕೇಳಿ, ಅವಳು ತುಟಿ ನೋಡಿ ಓದ್ತಾಳೆ. ನಿಮ್ಮ ಕೈ ಮುಗೀತೀನಿ."

ಸೊಸೆ ತನ್ನ ಆಸ್ಪತ್ರೆಯ ಕಾರ್ಡು ತೋರಿಸಿ, "ಫಾರಂ ಮಾಡಿದೋಳು ನಾನೇ ಸಿಸ್ಟರ್. ಅದರಲ್ಲಿ ತಪ್ಪಿದೆ" ಎಂದಳು. ಸಿಸ್ಟರ್ ತಟ್ಟೆ ಅಲ್ಲಿಯೇ ಬಿಟ್ಟು ಎದ್ದರು.

ಅಕ್ಕ ದಿಂಬಿಗೆ ಒರಗಿ ಕಿಟಕಿ ನೋಡುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಮಗ ಗೊರಕೆ ಹೊಡೆಯುತ್ತಿದ್ದ. ಸಿಸ್ಟರ್ ಎದುರು ಬಂದು ಮಾಸ್ಕ್ ಇಳಿಸಿ, ನಿಧಾನವಾಗಿ, ಯಾವುದಾದರೂ ಮದ್ದು ಒಗ್ಗುವುದಿಲ್ಲವೇ ಎಂದು ಕೇಳಿದರು.

"ಓ, ಅದಾ ಕೇಳಿದ್ದು ನೀನು ಬೆಳಿಗ್ಗೆ?" ಎಂದಳು ಅಕ್ಕ. "ಪೆನಿಸಿಲಿನ್ ಬೇಡಮ್ಮ. ಅದ್ರಿಂದ ಒಂದ್ಸಲ ಸತ್ತು ಬದುಕಿದೀನಿ. ಅರ್ಜೀಲಿ ಇರುತ್ತೆ ನೋಡು. ನಮ್ಮ ತಮ್ಮ ಬರೆದಿರೋದು. ಅವನು ಎಲ್ಲಾನೂ ಎರಡು ಸಲ ನೋಡ್ದೆ ಕಳ್ಸಲ್ಲ."

ರಾಯರು ಸಿಸ್ಟರಿನ ಬೆನ್ನ ಹಿಂದೆ ನಿಂತಿದ್ದರು. ಸಿಸ್ಟರ್ ಒಮ್ಮೆ ಹಿಂದೆ ತಿರುಗಿ ಅವರನ್ನು ನೋಡಿದರು, ಅಕ್ಕನ ಕೈಗೆ ಕೆಂಪು ಪಟ್ಟಿ ಕಟ್ಟಿ ಡಾಕ್ಟರಿಗೆ ಹೇಳಲು ಹೋದರು. ಬೇರೆ ಮದ್ದು ಕೊಟ್ಟರು. ಆಪರೇಷನ್ ಚೆನ್ನಾಗಿಯೇ ಆಯಿತು.

ಆ ದಿನವೇ ಸೊಸೆ ಫಾರಮ್ಮನ್ನು ನಿಲ್ಲಿಸಿಹಾಕಿದಳು. ಸೋಮವಾರದಿಂದ ಬಂದ ಅರ್ಜಿಗಳನ್ನೆಲ್ಲ ಒಂದೊಂದಾಗಿ ರೋಗಿಗಳ ಹತ್ತಿರ ಕೇಳಿ ಸರಿಮಾಡಿಸಿದಳು. ರಾಯರು ತುಂಬಿದವರ ಪಟ್ಟಿ ಅವರ ನೋಟ್ ಪುಸ್ತಕದಲ್ಲೇ ಇತ್ತು. ಗುರುವಾರ ರಾಯರು ಅಂಗಡಿಗೆ ಬೀಗ ಹಾಕಿ ತಾವಾಗಿಯೇ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಮೂರು ಗಂಟೆ ಹೊತ್ತು ಆ ಪುಟಗಳನ್ನು ಕಾಡಿದರು. ಹಿಂದಕ್ಕೆ ಹೋದರು, ಮುಂದಕ್ಕೆ ಬಂದರು, ಅರ್ಧಕ್ಕೆ ಬಿಟ್ಟರು, ಒಬ್ಬರದು ತೆರೆದು ಇನ್ನೊಬ್ಬರ ನಂಬರು ಹಾಕಿದರು. ಇನ್ನೂ ನಾಲ್ಕು ತಪ್ಪು ಹಿಡಿದುಕೊಟ್ಟರು. ಹೆಸರು, ವಿಳಾಸ ತುಂಬಿಕೊಂಡು ಬರಲಿ, ಆದರೆ ಒಗ್ಗದ ಮದ್ದಿನ ಜಾಗ ಮಾತ್ರ ಯಾವತ್ತೂ, ಯಾರಿಗೂ ಖಾಲಿಯೇ ಬರಬೇಕು, ಎರಡು ಸಲ ಬರೆಯಬೇಕು, ಎರಡೂ ತಾಳೆಯಾದರೆ ಮಾತ್ರ ಫಾರಂ ಹೋಗಬೇಕು ಎಂದು ಇಬ್ಬರೂ ಸೇರಿ ಗೊತ್ತುಮಾಡಿದರು.

"ಒಂದು ತಿಂಗಳ ಹಿಂದೆ ಕೂತಿದ್ರೆ..." ಎಂದು ರಾಯರು ಶುರುಮಾಡಿದರು.

"ನಾನೂ ಇನ್ನೊಂದ್ಸಲ ಕೇಳ್ಬೇಕಿತ್ತು ಮಾವ," ಎಂದಳು ಅವಳು.

ಶನಿವಾರ ಅಕ್ಕ ಎದ್ದು ಕೂತಿದ್ದಳು. ಮುಖದಲ್ಲಿ ಕಳೆ ಬಂದಿತ್ತು. ವಾರ್ಡಿನಲ್ಲಿ ಎಂಟು ಹಾಸಿಗೆ, ಎಂಟೂ ತುಂಬಿದ್ದವು, ನೋಡಲು ಬಂದವರ ಗದ್ದಲ. ಸೊಸೆ ದಿಂಬು ಸರಿಮಾಡುತ್ತಿದ್ದಳು. ಅಕ್ಕ ತಮ್ಮನನ್ನು ಹತ್ತಿರ ಕರೆದು ಕೂರಿಸಿಕೊಂಡಳು.

"ಅಲ್ಲ ಕಣೋ, ಅವತ್ತು ಬೆಳಿಗ್ಗೆ ಸಿಸ್ಟರ್ ಮತ್ತೆ ಬಂದು ಕೇಳಿದ್ಳಲ್ಲ, ನೀನೂ ಹಿಂದೆ ನಿಂತಿದ್ದೆ. ಬೆವರು ಸುರೀತಿತ್ತು ನಿನಗೆ. ಅರ್ಜೀಲಿ ಬರೆದಿರ್ಲಿಲ್ವಾ?"

ಸೊಸೆ ತಟ್ಟನೆ ತಲೆಯೆತ್ತಿದಳು. "ದೊಡ್ಡತ್ತೆ, ತಪ್ಪು ನಂದು, ಫಾರಂ..." ಎಂದು ಬಾಯಿ ತೆರೆಯುವಷ್ಟರಲ್ಲಿ ರಾಯರು ಕೈ ಅಡ್ಡ ಹಿಡಿದರು. ಕಂಪ್ಯೂಟರಿನ ಮೇಲೆ ಹಾಕಬಹುದಿತ್ತು. ಸೊಸೆಯ ಮೇಲೆ ಹಾಕಬಹುದಿತ್ತು, ಅವಳು ಹೊರಲು ಸಿದ್ಧವಾಗಿಯೇ ಇದ್ದಳು. ಅಕ್ಕ ಅವರ ಮುಖವನ್ನೇ ನೋಡುತ್ತಿದ್ದಳು.

"ನಾನು ಓದ್ದೆ ಕಳ್ಸಿಬಿಟ್ಟೆ ಅಕ್ಕ," ಎಂದರು ರಾಯರು, ಕೇಳಿಯೂ ಕೇಳಿಸದ ಹಾಗೆ. "ಎಲ್ಲರದ್ದೂ ಎರಡು ಸಲ ನೋಡ್ತೀನಿ. ನಿಂದು ಒಂದ್ಸಲಾನೂ ನೋಡ್ಲಿಲ್ಲ."

ಅಕ್ಕ ಕಿವಿಯ ಹತ್ತಿರ ಕೈ ಇಟ್ಟುಕೊಂಡಳು.

"ಏನು? ಇನ್ನೊಂದ್ಸಲ ಹೇಳು."

ರಾಯರು ಸುತ್ತ ನೋಡಿದರು. ಪಕ್ಕದ ಹಾಸಿಗೆಯವರು ಮಾತು ನಿಲ್ಲಿಸಿ ಇತ್ತ ತಿರುಗಿದ್ದರು. ಗಂಟಲು ಸರಿಮಾಡಿಕೊಂಡು, ವಾರ್ಡಿಗೆಲ್ಲ ಕೇಳುವ ಹಾಗೆ, ಹೇಳಿದರು: "ನಿನ್ನ ಅರ್ಜಿ ನಾನು ಓದ್ದೆ ಕಳ್ಸಿದೆ ಅಕ್ಕ! ತಪ್ಪು ನಂದು!" ಹೇಳುತ್ತಾ ಹೇಳುತ್ತಾ ಐವತ್ತೆಂಟು ವರ್ಷದ ಮನುಷ್ಯನ ಕಣ್ಣು ತುಂಬಿ ಬಂತು.

ಅಕ್ಕ ಕೆಂಪು ಪಟ್ಟಿಯ ಕೈ ಚಾಚಿ ಅವರ ತಲೆಗೂದಲನ್ನು ಹಿಂದಕ್ಕೆ ತೀಡಿದಳು, ಆರು ವರ್ಷದವನಿಗೆ ಬಾಚಿದ ಹಾಗೆ.

"ಮೊದಲ್ನೇ ಸಲಾನೇ ಗೊತ್ತಾಯ್ತು ಕಣೋ," ಎಂದಳು. "ತುಟಿ ನೋಡ್ತಿದ್ದೆ. ಎರಡ್ನೇ ಸಲಾನೂ ಅದೇ ಬರುತ್ತಾ ಅಂತ ಕೇಳ್ದೆ."